ವಡಾಲದಿಂದ ವಿಸಾಪುರದ ಕೋಟೆಗೋಡೆಗೆ: ಬಿಪಿ, ಶುಗರ್ ಇದ್ದವರೂ ಹೋಗಿ ಬರುವ ಬಗೆ

ಆರೋಗ್ಯ ಮಾಲಿಕೆಯ ಈ ವಾರದ ಪಾಠ ನಡಿಗೆಯದು. ಆದರೆ ಫೈವ್ ಗಾರ್ಡನ್ಸ್ ಸುತ್ತ ಬೆಳಿಗ್ಗೆ ನಾಲ್ಕು ಸುತ್ತು ಹಾಕಿ ಚಹಾ ಕುಡಿದು ಬರುವ ನಡಿಗೆಯಲ್ಲ. ಮಳೆ ನಿಂತು ಚಳಿ ಶುರುವಾದರೆ ನಮ್ಮ ವಡಾಲದ ಮನೆಗಳಲ್ಲಿ ಮಕ್ಕಳು ಕೋಟೆಗೆ ಹೋಗೋಣ ಎಂದು ಹಟ ಹಿಡಿಯುತ್ತಾರಲ್ಲ, ಆ ನಡಿಗೆ. ಮಕ್ಕಳು ಹೊರಡುತ್ತಾರೆ, ಅಪ್ಪ ಅಮ್ಮನೂ ಹೊರಡುತ್ತಾರೆ, ಊರಿಂದ ಬಂದಿರುವ ಅತ್ತೆ ಮಾವ ಕೂಡ "ನಾವೂ ಬರ್ತೇವೆ" ಅನ್ನುತ್ತಾರೆ. ಬರಲಿ, ತಪ್ಪೇನಿಲ್ಲ. ಹೇಗೆ ಬರಬೇಕು ಅನ್ನುವುದನ್ನಷ್ಟೇ ಇಲ್ಲಿ ನೋಡೋಣ.

ಮುಂಬೈಯವರು ಲೋಣಾವಳದ ಕಡೆಯ ಕೋಟೆ ಅಂದ ಕೂಡಲೇ ಲೋಹಗಡ ಅನ್ನುತ್ತಾರೆ. 2025ರ ಜುಲೈಯಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಮರಾಠರ ಹನ್ನೆರಡು ಕೋಟೆಗಳು ಸೇರಿದವು, ಅದರಲ್ಲಿ ಲೋಹಗಡವೂ ಒಂದು. ರಜಾದಿನ ಅಲ್ಲಿನ ಮೆಟ್ಟಿಲಲ್ಲಿ ದಾದರ್ ಸ್ಟೇಷನ್ನಿನ ಸೇತುವೆಯಂತೆ ಜನ. ಅದರ ಪಕ್ಕದಲ್ಲೇ, ಒಂದು ಖಿಂಡಿಯ ಆಚೆ, ವಿಸಾಪುರ ಇದೆ. ಎತ್ತರ ಸುಮಾರು 1084 ಮೀಟರ್, ಲೋಹಗಡಕ್ಕಿಂತ ಎತ್ತರ, ವಿಸ್ತಾರದಲ್ಲೂ ದೊಡ್ಡದು, ಜನ ಮಾತ್ರ ಕಡಿಮೆ. ಮೇಲೆ ಬಯಲು, ಬಯಲಿನ ಅಂಚಿಗೆ ಉದ್ದಕ್ಕೂ ಕಲ್ಲಿನ ಕೋಟೆಗೋಡೆ, ಬುರುಜುಗಳು, ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು, ಗಾರೆ ಅರೆಯುತ್ತಿದ್ದ ದೊಡ್ಡ ಕಲ್ಲಿನ ಚಕ್ರ. 1818ರ ಮಾರ್ಚ್ 4ರಂದು ಇಂಗ್ಲಿಷರು ಮೊದಲು ವಿಸಾಪುರವನ್ನು ಹಿಡಿದು, ಆ ಎತ್ತರದಿಂದ ಲೋಹಗಡಕ್ಕೆ ಫಿರಂಗಿ ಹಾರಿಸಿದರು. ಗೋಡೆಯ ಪಕ್ಕ ನಿಂತು ಎದುರಿನ ಲೋಹಗಡವನ್ನು ನೋಡಿದರೆ ಅದು ಹೇಗೆ ಸಾಧ್ಯವಾಯಿತು ಎಂದು ಮಕ್ಕಳಿಗೆ ಪಾಠ ಮಾಡಬೇಕಿಲ್ಲ. ಬೆಟ್ಟದ ಬುಡದಲ್ಲಿ ಭಾಜೆಯ ಬೌದ್ಧ ಗುಹೆಗಳಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ಮೇಲೆ ಹತ್ತಲು ಮನಸ್ಸಿಲ್ಲದವರಿಗೆ ಅಷ್ಟೇ ಸಾಕು.

ಈಗ ಆರೋಗ್ಯದ ಮಾತು. ನನಗೆ ಗೊತ್ತಿರುವ ಒಬ್ಬರು ಕ್ಯಾಂಟೀನ್ ನಡೆಸುವವರು, ವಯಸ್ಸು 58. ಹತ್ತು ವರ್ಷದಿಂದ ಶುಗರ್, ದಿನಕ್ಕೊಂದು ಗ್ಲಿಮೆಪಿರೈಡ್ ಮಾತ್ರೆ. ಐವತ್ತು ಜನರ ಗುಂಪಿನ ಜೊತೆ ಶನಿವಾರ ರಾತ್ರಿ ಬಸ್ಸಿನಲ್ಲಿ ಹೊರಟರು. ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಅಭ್ಯಾಸಬಲದಿಂದ ಮಾತ್ರೆ ನುಂಗಿದರು, ತಿಂಡಿ ಬರುವುದು ತಡವಾಯಿತು, ಹುಡುಗರು ಓಡುತ್ತಿದ್ದರು, ಇವರೂ ಹಿಂದೆ ಬೀಳಬಾರದೆಂದು ಹತ್ತಿದರು. ಅರ್ಧ ದಾರಿಯಲ್ಲಿ ಬೆವರು, ಕೈನಡುಕ, ಮಾತು ತೊದಲು. ದಾರಿ ತೋರಿಸುವ ಹುಡುಗ ಬಿಸಿಲಿನ ಸುಸ್ತು ಅಂದುಕೊಂಡು ನೆರಳಲ್ಲಿ ಮಲಗಿಸಿ ನೀರು ಕುಡಿಸಿದ. ಶುಗರ್ ಇದೆ ಅನ್ನುವುದು ಅವನಿಗೆ ಗೊತ್ತೇ ಇಲ್ಲ! ಯಾರದೋ ಚೀಲದಲ್ಲಿದ್ದ ಗ್ಲೂಕೋಸ್ ಪುಡಿ ಅವರನ್ನು ಉಳಿಸಿತು.

ಅದಕ್ಕೇ ನಾನು ಹೇಳುವುದು: ಮನೆಯಲ್ಲಿ ಐವತ್ತು ದಾಟಿದವರು, ಬಿಪಿ ಶುಗರ್ ಇರುವವರು ಇದ್ದರೆ ದೊಡ್ಡ ಗುಂಪು ಬೇಡ. ನಿಮ್ಮ ಕುಟುಂಬಕ್ಕೆ ಮಾತ್ರ ಒಬ್ಬ ಗೈಡ್ ಇಟ್ಟುಕೊಳ್ಳಿ. ಭಾಜೆ, ಲೋಹಗಡವಾಡಿಯ ಕಡೆ ಊರಿನವರೇ ದಾರಿ ತೋರಿಸಲು ಬರುತ್ತಾರೆ, ಮೊದಲೇ ಫೋನಿನಲ್ಲಿ ದರ ಮಾತಾಡಿಕೊಂಡು ಹೋಗಿ. ಖರ್ಚು ಸ್ವಲ್ಪ ಹೆಚ್ಚು, ನಿಜ. ಆದರೆ ಗುಂಪಿನಲ್ಲಿ ವೇಗ ಗಟ್ಟಿಗರದು, ಕುಟುಂಬದ ಗೈಡ್ ಜೊತೆಗೆ ವೇಗ ನಿಮ್ಮಮ್ಮನದು. ನಡುವೆ ನಿಂತು ತಿರುಗಿ ಹೋಗೋಣ ಅನ್ನುವ ಹಕ್ಕು ನಿಮ್ಮ ಕೈಯಲ್ಲಿರುತ್ತದೆ. ನೀವು ಕೊಡುವ ದುಡ್ಡು ಅದಕ್ಕೆ.

ಗೈಡ್ ಡಾಕ್ಟರಲ್ಲ. ಅವನಿಗೆ ಬೆಟ್ಟ ಗೊತ್ತು, ನಿಮ್ಮ ದೇಹ ಗೊತ್ತಿಲ್ಲ. ಒಂದು ಚೀಟಿಯಲ್ಲಿ ಮರಾಠಿ ಅಥವಾ ಹಿಂದಿಯಲ್ಲಿ ಬರೆಯಿರಿ: ಹೆಸರು, ವಯಸ್ಸು, ಕಾಯಿಲೆ, ಮಾತ್ರೆಯ ಹೆಸರು, ಮನೆಯಲ್ಲಿರುವ ಒಬ್ಬರ ಫೋನ್ ನಂಬರ್. ಬರೆಯಲು ಮಕ್ಕಳಿಗೆ ಹೇಳಿ, ಶಾಲೆಯ ಮರಾಠಿ ಒಮ್ಮೆಯಾದರೂ ಮನೆಗೆ ಉಪಯೋಗವಾಗಲಿ. ಒಂದು ಪ್ರತಿ ಗೈಡ್ ಕೈಗೆ, ಇನ್ನೊಂದು ನಿಮ್ಮ ಜೇಬಿಗೆ. ನಮ್ಮವರಿಗೆ ಕಾಯಿಲೆ ಹೇಳಿಕೊಳ್ಳಲು ಸಂಕೋಚ, "ನನಗೇನಾಗಿದೆ, ಗಟ್ಟಿ ಇದ್ದೇನೆ" ಅನ್ನುತ್ತಾರೆ. ಬೆಟ್ಟದ ಮೇಲೆ ಸಂಕೋಚ ಬೇಡ. ಊರಿಂದ ಬಂದ ಹಿರಿಯರಿಗೆ ಮೂರು ಮಾತು ಕಲಿಸಿಡಿ: "ಥೋಡಂ ಥಾಂಬಾ" ಅಂದರೆ ಸ್ವಲ್ಪ ನಿಲ್ಲಿ, "ಚಕ್ಕರ್ ಯೇತೇ" ಅಂದರೆ ತಲೆ ಸುತ್ತುತ್ತಿದೆ, "ಛಾತೀತ್ ದುಖತಂಯ್" ಅಂದರೆ ಎದೆ ನೋಯುತ್ತಿದೆ.

ಹೊರಡುವ ಮೂರು ವಾರ ಮೊದಲು ಮನೆಯ ಮೆಟ್ಟಿಲಲ್ಲೇ ಪರೀಕ್ಷೆ ಮಾಡಿ. ಎರಡು ಮಹಡಿ ನಿಲ್ಲದೆ ಹತ್ತಿ. ಎದೆ ಬಿಗಿದರೆ, ತೀರಾ ಏದುಸಿರು ಬಂದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ಕೋಟೆ ಅಲ್ಲೇ ಇರುತ್ತದೆ. ಮಳವಲಿ ಸ್ಟೇಷನ್ನಿನಿಂದ ವಿಸಾಪುರದ ತುದಿಗೆ ನಾನೂರು ಮೀಟರಿಗೂ ಹೆಚ್ಚು ಏರು. ಒಂದು ಮಹಡಿಗೆ ಮೂರು ಮೀಟರ್ ಎಂದರೆ 130 ಮಹಡಿಗೂ ಮಿಕ್ಕಿತು, ಲೆಕ್ಕ ಹಾಕಿ. ಈ ಎತ್ತರದಲ್ಲಿ ಹಿಮಾಲಯದ ಹಾಗೆ ಗಾಳಿ ತೆಳುವಾಗುವ ಭಯ ಇಲ್ಲ. ಇಲ್ಲಿ ಕೈಕೊಡುವುದು ಮಂಡಿ, ಪಾದ, ಬಿಸಿಲು, ಶುಗರ್.

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಸಯಾನ್ ಕೋಟೆ ಇದೆ. 1669ರಿಂದ 1677ರ ನಡುವೆ, ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ, ಇಂಗ್ಲಿಷರ ಪರೇಲ್ ದ್ವೀಪಕ್ಕೂ ಪೋರ್ಚುಗೀಸರ ಸಾಲ್ಸೆಟ್ಟಿಗೂ ಗಡಿ ಕಾಯಲು ಕಟ್ಟಿದ್ದು. ಇಲ್ಲವಾದರೆ ಹಾರ್ಬರ್ ಲೈನಿನಲ್ಲಿ ನಮ್ಮ ಪಕ್ಕದ ಸ್ಟೇಷನ್ ಶಿವಡಿ, ಅಲ್ಲೂ 1680ರ ಕೋಟೆ ಇದೆ. ವಾರಕ್ಕೆ ಮೂರು ದಿನ ಹತ್ತಿ ಇಳಿಯಿರಿ. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಿ. ಯಾಕೆ ಗೊತ್ತೇ? ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಾ ಭಾರ ತಡೆಯಬೇಕು, ಆಗ ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತದೆ. ಬೆಟ್ಟ ಇಳಿದ ಮರುದಿನ, ಮೂರನೆಯ ದಿನ ಲೋಕಲಿನ ಮೆಟ್ಟಿಲು ಇಳಿಯಲಾಗದೆ ಕಂಬ ಹಿಡಿಯುವುದು ಅದರಿಂದ. ಆದರೆ ಒಂದೆರಡು ಸಲ ಇಳಿದು ಅಭ್ಯಾಸವಾದ ಸ್ನಾಯುವಿಗೆ ಮುಂದಿನ ಕೆಲವು ವಾರ ಆ ಪೆಟ್ಟು ಅಷ್ಟು ತಟ್ಟುವುದಿಲ್ಲ. ಸಯಾನಿನ ಪುಟ್ಟ ಗುಡ್ಡವೂ ಇಷ್ಟು ಉಪಕಾರ ಮಾಡುತ್ತದೆ.

ಶುಗರ್ ಇರುವವರು ಒಂದು ವಾರ ಮೊದಲೇ ಡಾಕ್ಟರನ್ನು ಕೇಳಿ, ಆ ದಿನ ಮಾತ್ರೆ ಅಥವಾ ಇನ್ಸುಲಿನ್ ಎಷ್ಟು, ಯಾವಾಗ ಎಂದು. ನೀವೇ ನಿಲ್ಲಿಸಬೇಡಿ, ನೀವೇ ಕಡಿಮೆ ಮಾಡಬೇಡಿ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಶುಗರ್ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ಮತ್ತು ಇನ್ಸುಲಿನ್ ಇರುವವರಿಗೆ ಅದರ ಭಯ ಹೆಚ್ಚು. ತಿಂಡಿ ಮುಂದಿಲ್ಲದೆ ಮಾತ್ರೆ ಬೇಡ. ಬೆವರು, ನಡುಕ, ಸಿಡುಕು, ತೊದಲು ಕಂಡರೆ ಕೂತುಬಿಡಿ, ಮೀಟರ್ ಇದ್ದರೆ ನೋಡಿ. 70ಕ್ಕಿಂತ ಕೆಳಗಿದ್ದರೆ, ಅಥವಾ ಮೀಟರ್ ಇಲ್ಲದಿದ್ದರೂ, ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಯಿರಿ. ಹದಿನೈದು ನಿಮಿಷಕ್ಕೆ ಸರಿಹೋಗದಿದ್ದರೆ ಇನ್ನೊಮ್ಮೆ. ಸರಿಹೋದ ಮೇಲೆ ಬಾಳೆಹಣ್ಣೋ ಚಪಾತಿಯೋ ತಿನ್ನಿ. ಲೋಣಾವಳದ ಚಿಕ್ಕಿ ಇದೆಯಲ್ಲ ಅನ್ನಬೇಡಿ, ಶೇಂಗಾದ ಎಣ್ಣೆಯಂಶದಿಂದ ಅದರ ಸಿಹಿ ರಕ್ತಕ್ಕೆ ಸೇರುವುದು ತಡ. ಆ ಹೊತ್ತಿಗೆ ಬರೀ ಸಕ್ಕರೆಯೇ ಔಷಧ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಬಿಪಿಯವರಿಗೆ ಎರಡು ಮಾತು. ಮೂತ್ರ ಹೆಚ್ಚು ಹೋಗಿಸುವ ಮಾತ್ರೆ ಇದ್ದರೆ ಬಿಸಿಲಲ್ಲಿ ನೀರಿನಂಶ ಬೇಗ ಇಳಿದು, ಎದ್ದು ನಿಂತಾಗ ಕಣ್ಣು ಕತ್ತಲೆ ಬರಬಹುದು. ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುವವರಿಗೆ ಶುಗರ್ ಕುಸಿದರೂ ಎದೆಬಡಿತ, ನಡುಕ ಗೊತ್ತಾಗದೆ ಇರಬಹುದು, ಬೆವರು ಮಾತ್ರ ಗೊತ್ತಾಗುತ್ತದೆ. ಎರಡೂ ಕಾಯಿಲೆ ಇರುವವರು ಇದನ್ನು ಜೊತೆಗಿರುವವರಿಗೆ ಹೇಳಿಡಿ.

ದಾರಿ ಹೀಗೆ. ದಾದರಿನಿಂದ ಪುಣೆಯ ಕಡೆಗಿನ ಬೆಳಗಿನ ರೈಲಿನಲ್ಲಿ ಲೋಣಾವಳ, ಅಲ್ಲಿಂದ ಪುಣೆ ಲೋಕಲಿನಲ್ಲಿ ಮುಂದಿನ ಸ್ಟೇಷನ್ನೇ ಮಳವಲಿ. ಆ ಲೋಕಲ್ ನಮ್ಮ ಹಾರ್ಬರ್ ಲೈನಿನ ಹಾಗೆ ಮೇಲಿಂದ ಮೇಲೆ ಬರುವುದಿಲ್ಲ, ವಾಪಸು ಬರುವ ಹೊತ್ತನ್ನೂ ಮೊದಲೇ ನೋಡಿಕೊಳ್ಳಿ. ಎಕ್ಸ್‌ಪ್ರೆಸ್ ಹೆದ್ದಾರಿ ದಾಟಿ ಭಾಜೆ. ಅಲ್ಲಿಂದ ಲೋಹಗಡ ವಿಸಾಪುರಗಳ ನಡುವಿನ ಗಾಯಮುಖ ಖಿಂಡಿಗೆ ರಸ್ತೆ ಇದೆ. ಮಂಡಿನೋವಿನವರು ಅಲ್ಲಿಯವರೆಗೆ ವಾಹನದಲ್ಲಿ ಹೋಗಿ, ಮುಂದಿನದನ್ನು ಮಾತ್ರ ಹತ್ತಲಿ. ಅದರಲ್ಲಿ ಅವಮಾನ ಏನಿಲ್ಲ. ಬುಡದಿಂದ ನಿಧಾನಕ್ಕೆ ಹತ್ತುವವರು ಎರಡೂವರೆ ಮೂರು ಗಂಟೆ ಇಟ್ಟುಕೊಳ್ಳಿ. ಕಲ್ಲಿನ ಮೆಟ್ಟಿಲ ದಾರಿಯೊಂದರಲ್ಲಿ ಮಳೆಗಾಲದಲ್ಲಿ ನೀರೇ ಹರಿಯುತ್ತದೆ. ಹುಡುಗರು ಅದರಲ್ಲಿ ವಿಡಿಯೋ ಮಾಡುತ್ತಾರೆ. ನಿಮಗೆ ಬೇಡ, ನವೆಂಬರಿನಿಂದ ಫೆಬ್ರುವರಿ ಸಾಕು.

ಹತ್ತುವಾಗ ಪಕ್ಕದವರ ಜೊತೆ ಮಾತಾಡುತ್ತಾ ಹತ್ತಿ. ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ ವೇಗ ಜಾಸ್ತಿಯಾಯಿತೆಂದು ಅರ್ಥ. ಎದೆಯಲ್ಲಿ ಭಾರ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಬಂದರೆ ಗ್ಯಾಸ್ ಎಂದು ಮುಂದೆ ಹತ್ತಬೇಡಿ, ಅಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ.

ಮೇಲಿನ ಬಯಲಲ್ಲಿ ನೆರಳಿಲ್ಲ. ತಲೆಗೆ ಟೋಪಿ, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ ಲೀಟರ್ ನೀರಿಗೆ ಆರು ಚಪ್ಪಟೆ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಶುಗರ್ ಇರುವವರು ಅದನ್ನು ಬಾಯಾರಿಕೆಗೆಲ್ಲ ಕುಡಿಯುವುದು ಬೇಡ. ಹೃದಯ, ಕಿಡ್ನಿ ತೊಂದರೆಗೆ ನೀರು ಅಳೆದು ಕುಡಿಯುವವರು ಡಾಕ್ಟರ ಅಳತೆ ಮೀರಬೇಡಿ, ಅಂಥವರಿಗೆ ಭಾಜೆಯ ಗುಹೆಗಳೇ ಒಳ್ಳೆಯದು. ಬಿಸಿಲಲ್ಲಿ ಯಾರಾದರೂ ತಬ್ಬಿಬ್ಬಾಗಿ ಮಾತಾಡತೊಡಗಿ ಮೈ ಸುಡುತ್ತಿದ್ದರೆ ಅದು ಬರೀ ಸುಸ್ತಲ್ಲ, ಬಿಸಿಲಾಘಾತ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಹಾಕಿ ಗಾಳಿ ಬೀಸಿ. ಆಸ್ಪತ್ರೆ ಆಮೇಲೆ, ತಣಿಸುವುದು ಮೊದಲು.

ಗೋಡೆಯ ಹತ್ತಿರ ಬಂದಾಗ ಎಲ್ಲರಿಗೂ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಆಸೆ. ಗೋಡೆಯ ಒಳಮಗ್ಗುಲಲ್ಲೇ ನಡೆಯಿರಿ. ಮುನ್ನೂರು ವರ್ಷದ ಕಲ್ಲು ಎಲ್ಲಿ ಸಡಿಲವಾಗಿದೆ ಎಂದು ನೋಡಿದರೆ ತಿಳಿಯುವುದಿಲ್ಲ, ಆಚೆ ಬದಿ ಬರೀ ಪ್ರಪಾತ, ಮೇಲಿನ ಗಾಳಿ ಒಮ್ಮೆಲೇ ತಳ್ಳುತ್ತದೆ. ಹುಲ್ಲಿನ ನಡುವೆ ತೊಟ್ಟಿಗಳಿವೆ, ಗೈಡ್ ಕಾಲಿಟ್ಟಲ್ಲೇ ಕಾಲಿಡಿ. ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದೆ, ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ತನ್ನಿ. ಗೋಡೆಯ ಹೊರಮೈಯಲ್ಲಿ ಹೆಜ್ಜೇನು ಕಟ್ಟಿರಬಹುದು, ಗದ್ದಲ, ಹೊಗೆ, ಘಾಟು ಸೆಂಟು ಬೇಡ.

ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದರೂ ಇಳಿಯಲು ಶುರು ಮಾಡುತ್ತೇವೆ ಎಂದು ಬೆಳಿಗ್ಗೆಯೇ ಗೈಡ್‌ಗೆ ಹೇಳಿಬಿಡಿ. ಇಳಿಯುವಾಗ ಕೋಲು ಹಿಡಿಯಿರಿ, ಕಾಲುಗುರು ಹಿಂದಿನ ದಿನವೇ ಕತ್ತರಿಸಿರಿ, ಶೂ ಲೇಸ್ ಬಿಗಿ ಮಾಡಿ.

ರಾತ್ರಿ ವಡಾಲದ ಮನೆಗೆ ಬಂದು ಕಾಲು ತೊಳೆದ ಮೇಲೆ ಶುಗರ್ ಇರುವವರ ಪಾದವನ್ನು ಮನೆಯವರೇ ಬೆಳಕಲ್ಲಿ ನೋಡಲಿ, ಬೆರಳ ಸಂದಿ, ಹಿಮ್ಮಡಿ, ಅಡಿ ಎಲ್ಲ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಗುಳ್ಳೆಯ ನೋವು ಗೊತ್ತಾಗುವುದಿಲ್ಲ. ಗುಳ್ಳೆ ಇದ್ದರೆ ಚುಚ್ಚಬೇಡಿ, ಮರುದಿನ ತೋರಿಸಿ. ದಣಿದ ಸ್ನಾಯು ರಾತ್ರಿಯೆಲ್ಲ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತದೆ, ಇಪ್ಪತ್ನಾಲ್ಕು ಗಂಟೆಯವರೆಗೂ ಶುಗರ್ ಕುಸಿಯಬಹುದು. ಸುಸ್ತಾಯಿತೆಂದು ಊಟ ಬಿಟ್ಟು ಮಲಗಬೇಡಿ. ಮಲಗುವ ಮೊದಲು ಒಮ್ಮೆ ಶುಗರ್ ನೋಡಿ, ಹಾಸಿಗೆಯ ಪಕ್ಕ ಸಕ್ಕರೆ ಡಬ್ಬಿ, ಒಂದು ಲೋಟ ನೀರು ಇಟ್ಟುಕೊಳ್ಳಿ.