ಸೇಂಟ್ ಮೇರಿ ದ್ವೀಪ: ನೆಲ ಮತ್ತು ಹೆಸರು

ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ಪಡುವಣಕ್ಕೆ, ಕಡಲೊಳಗೆ ಸುಮಾರು 6 ಕಿಲೋಮೀಟರ್ ದೂರದಲ್ಲಿ, ದಂಡೆಗೆ ಸಮಾನಾಂತರವಾಗಿ ಹಬ್ಬಿರುವ ಪುಟ್ಟ ದ್ವೀಪಸಾಲಿಗೆ ಸೇಂಟ್ ಮೇರಿ ದ್ವೀಪಗಳೆಂದು ಹೆಸರು. ಇವುಗಳಲ್ಲಿ ನಾಲ್ಕು ದೊಡ್ಡವು. ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪದ ಉದ್ದ ಸುಮಾರು 500 ಮೀಟರ್, ಅಗಲ 100 ಮೀಟರ್. ಅದರ ಅತಿ ಎತ್ತರದ ತಾಣವೂ ಸಮುದ್ರಮಟ್ಟದಿಂದ 10 ಮೀಟರಿನ ಆಸುಪಾಸಿನಲ್ಲಿದೆ. ಇಲ್ಲಿ ಜನವಸತಿಯಿಲ್ಲ, ಮಳೆಗಾಲದಲ್ಲಿ ದೋಣಿಸಂಚಾರವೂ ಇಲ್ಲ.

ದ್ವೀಪದ ವೈಶಿಷ್ಟ್ಯವಿರುವುದು ಅದರ ಶಿಲೆಯಲ್ಲಿ. ಲಾವಾರಸವು ಆರುತ್ತ ಕುಗ್ಗಿದಾಗ ಬಿರುಕುಬಿಟ್ಟು, ಐದು, ಆರು, ಏಳು ಮುಖಗಳ ಕಂಬಗಳಾಗಿ ಸೀಳಿನಿಂತಿದೆ. ಮುಂಬಯಿಯ ಅಂಧೇರಿಯಲ್ಲಿರುವ ಗಿಲ್ಬರ್ಟ್ ಗುಡ್ಡವನ್ನು ಕಂಡವರಿಗೆ ಈ ರಚನೆ ಅಪರಿಚಿತವೇನಲ್ಲ. ಆದರೆ ಎರಡೂ ಒಂದೇ ಕುಲದವಲ್ಲ. ಅಂಧೇರಿಯದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖನ್ನಿನ ಬಸಾಲ್ಟ್. ಮಲ್ಪೆಯದು ಸಿಲಿಕಾಂಶ ಹೆಚ್ಚಿರುವ ರಯೊಲೈಟ್ ಬಗೆಯ ಶಿಲೆ, ವಯಸ್ಸು ಸುಮಾರು 9 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಯೊಂದಿಗೆ ಭೂವಿಜ್ಞಾನಿಗಳು ಇದನ್ನು ಸಂಬಂಧಿಸುತ್ತಾರೆ.

ಇನ್ನು ಹೆಸರಿನ ವಿಚಾರ. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದು, ಶಿಲುಬೆ ನೆಟ್ಟು, ‘ಎಲ್ ಪದ್ರಾಂವ್ ದ ಸಾಂತಾ ಮರಿಯಾ’ ಎಂದು ಹೆಸರಿಟ್ಟನೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದಿದೆ. ಇದು ಪರಿಶೀಲನೆಗೆ ನಿಲ್ಲದು. ಗಾಮನ ಹಡಗುಗಳು ಆಫ್ರಿಕದ ಮಲಿಂದಿಯಿಂದ ನೇರವಾಗಿ ಕಡಲು ದಾಟಿ ಕೇರಳದ ತೀರವನ್ನು ಮುಟ್ಟಿದವು. ಹೋಗುವಾಗ ಮಲ್ಪೆ ಅವುಗಳ ದಾರಿಯಲ್ಲಿರಲೇ ಇಲ್ಲ. ಆ ಯಾನದ ದಿನಚರಿಯ ಪ್ರಕಾರ, ಆಗಸ್ಟ್ ಕೊನೆಯಲ್ಲಿ ಕಲ್ಲಿಕೋಟೆಯನ್ನು ಬಿಟ್ಟು ಉತ್ತರಕ್ಕೆ ಮರಳುವಾಗ, ಸೆಪ್ಟೆಂಬರಿನಲ್ಲಿ, ದಂಡೆಗೆ ಸಮೀಪದ ನಡುಗಡ್ಡೆಯೊಂದರಲ್ಲಿ ಕಂಬ ನಿಲ್ಲಿಸಿ ಅದಕ್ಕೆ ಸಾಂತಾ ಮರಿಯಾ ಎಂದು ಹೆಸರಿಡಲಾಯಿತು. ದೊರೆಯ ಆಣತಿಯಂತೆ ತಂದಿದ್ದ ಮೂರು ಕಂಬಗಳಿಗೆ ರಾಫೇಲ್, ಗೇಬ್ರಿಯಲ್, ಮರಿಯಾ ಎಂಬ ಹೆಸರುಗಳು ಮೊದಲೇ ಗೊತ್ತಾಗಿದ್ದವು. ಎಂದಮೇಲೆ ಹೆಸರು ಮೂಲತಃ ಕಂಬದ್ದು, ದ್ವೀಪಕ್ಕೆ ಬಂದದ್ದು ಅನಂತರ. ‘ಪದ್ರಾಂವ್’ ಎಂದರೆ ಒಡೆತನ ಸಾರಲು ನೆಡುವ ಕಲ್ಲುಗಂಬ. ನಮ್ಮ ಶಾಸನಗಳ ಎಲ್ಲೆಗಲ್ಲುಗಳಿಗೆ ದೂರದ ನಂಟನೆನ್ನಬಹುದು. ‘ಎಲ್’ ಎಂಬ ಉಪಪದವಂತೂ ಸ್ಪ್ಯಾನಿಷ್, ಪೋರ್ಚುಗೀಸ್ ಅಲ್ಲ. ಪ್ರಚಲಿತ ರೂಪವು ನಂತರದವರ ಬೆಸುಗೆಯೆಂಬುದಕ್ಕೆ ಈ ಒಂದು ಅಕ್ಷರಜೋಡಿಯೇ ಸಾಕ್ಷಿ.

ಸಾಲಿನ ಮತ್ತೊಂದು ದ್ವೀಪವಾದ ದರಿಯಾಬಹದ್ದೂರಗಡದ ಹೆಸರಿನಲ್ಲಿ ಪಾರಸಿಯ ದರಿಯಾ (ಕಡಲು), ಬಹದ್ದೂರ್ (ಶೂರ) ಪದಗಳಿಗೆ ಕೋಟೆಯೆಂಬರ್ಥದ ‘ಗಡ’ ಸೇರಿದೆ.

ಇವೆಲ್ಲ ಹೊರಗಿನಿಂದ ಬಂದ ಹೆಸರುಗಳು. ಸ್ಥಳೀಯವಾದ ‘ತೋನ್ಸೆಪಾರ್’ ಎಂಬ ಹೆಸರು ಪ್ರವಾಸಿ ಬರಹಗಳಲ್ಲಿ ಬಂದರೂ ಅದನ್ನು ಬಿಡಿಸಿ ನೋಡಿದವರು ವಿರಳ. ತೋನ್ಸೆ ಎದುರು ದಂಡೆಯ ಊರು. ‘ಪಾರ್’ ಎಂಬುದನ್ನು ತಮಿಳಿನ ಪಾಱೈ, ಮಲಯಾಳದ ಪಾಱ, ತುಳುವಿನ ಪಾದೆಗಳೊಡನೆ ಇಟ್ಟು ನೋಡಿದರೆ ಬಂಡೆಯೆಂಬ ಅರ್ಥ ಹೊಂದುತ್ತದೆ. ಮನ್ನಾರ್ ಕೊಲ್ಲಿಯಲ್ಲಿ ಮುತ್ತಿನ ಚಿಪ್ಪುಗಳಿರುವ ಕಡಲತಳದ ಬಂಡೆನೆಲಕ್ಕೂ ‘ಪಾರ್’ ಎಂದೇ ಹೆಸರು. ಹಾಗಾದರೆ ತೋನ್ಸೆಪಾರ್ ಎಂದರೆ ತೋನ್ಸೆಯವರ ಕಡಲಬಂಡೆ.