ಪಟ್ಟಿಯಿಂದ ಅಳಿದ ಹೆಸರುಗಳು

ಇಂಗ್ಲೆಂಡಿನ ಅಗ್ರಶ್ರೇಣಿಯ ರಗ್ಬಿ ಕ್ಲಬ್ಬುಗಳು ವರ್ಷವರ್ಷವೂ ಪರಸ್ಪರ ಸೆಣಸುವ ಪಂದ್ಯಾವಳಿಗೆ 2025ರವರೆಗೆ ಪ್ರೀಮಿಯರ್‌ಶಿಪ್ ಎಂದು ಹೆಸರಿದ್ದಿತು. 2022ರ ಸೆಪ್ಟೆಂಬರಿನಲ್ಲಿ ಆ ಪಂದ್ಯಾವಳಿ ಆರಂಭವಾದಾಗ ಅದರ ಅಂಕಪಟ್ಟಿಯಲ್ಲಿ 13 ತಂಡಗಳಿದ್ದುವು. ಮರುವರ್ಷದ ಮೇ ತಿಂಗಳಲ್ಲಿ ಋತು ಮುಗಿದಾಗ ಉಳಿದವು 11. ಮುಂದಿನ ಋತು ಮೊದಲಾಗುವ ವೇಳೆಗೆ 10. ಕಾಣೆಯಾದ ಮೂರು ತಂಡಗಳನ್ನು ಕೆಡವಿದುದು ಯಾವ ಎದುರಾಳಿಯ ಬಾಹುಬಲವೂ ಅಲ್ಲ, ಸಾಲ.

ನಮ್ಮಲ್ಲಿ ರಗ್ಬಿಯನ್ನು ಬಲ್ಲವರು ವಿರಳವಾದುದರಿಂದ ಆಟದ ಬಗೆಗೆ ಎರಡು ಮಾತು ಹೇಳುವುದು ಅವಶ್ಯ. ಪಕ್ಷವೊಂದಕ್ಕೆ 15 ಆಟಗಾರರು, ಆಟದ ಅವಧಿ 80 ನಿಮಿಷ, ಚೆಂಡು ಅಂಡಾಕಾರದ್ದು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಿನಿಂದ ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಕಬಡ್ಡಿಯಲ್ಲಿ ದಾಳಿಗಾರನನ್ನು ತಡೆಯುವಂತೆಯೇ ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ಕೆಡವುತ್ತಾರೆ. ಅವರನ್ನು ಭೇದಿಸಿ, ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ 5 ಅಂಕಗಳು ದೊರೆಯುತ್ತವೆ. ಪಂದ್ಯವನ್ನು ಗೆದ್ದ ತಂಡಕ್ಕೆ ಪಟ್ಟಿಯಲ್ಲಿ 4 ಅಂಕ. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತ ತಂಡಕ್ಕೂ ಒಂದು ಅಂಕವುಂಟು. ಸೋತವನ ಶ್ರಮಕ್ಕೂ ಬೆಲೆ ಕೊಡುವ ಈ ನಿಯಮ ನನಗೆ ಬಹಳ ಮೆಚ್ಚಿಗೆಯಾದುದು.

2022ರ ಸೆಪ್ಟೆಂಬರ್ 24ರಂದು ವೂಸ್ಟರ್ ನಗರದ ತಂಡವು ಸಿಕ್ಸ್‌ವೇಸ್ ಎಂಬ ತನ್ನ ಮೈದಾನದಲ್ಲಿ ನ್ಯೂಕ್ಯಾಸಲ್ ತಂಡವನ್ನು ಎದುರಿಸಿತು. ಕ್ಲಬ್ಬು 2.5 ಕೋಟಿ ಪೌಂಡಿಗೂ ಮೀರಿದ ಸಾಲದಲ್ಲಿ ಮುಳುಗಿದ್ದಿತು. ಸರ್ಕಾರಕ್ಕೆ ಸಲ್ಲಬೇಕಾದ ತೆರಿಗೆಯೇ ಸುಮಾರು 60 ಲಕ್ಷ ಪೌಂಡು. ಇದೇ ಕೊನೆಯ ಪಂದ್ಯವಾದೀತೆಂಬ ಅಳುಕು ಆಟಗಾರರಿಗೂ ಪ್ರೇಕ್ಷಕರಿಗೂ ಇದ್ದಿತು. ಆದರೂ ವೂಸ್ಟರಿನವರು ಎದೆಗುಂದದೆ ಆಡಿ 39–5ರಿಂದ ಗೆದ್ದರು. ಎರಡು ದಿನಗಳ ಬಳಿಕ ಅವರನ್ನು ಪಂದ್ಯಾವಳಿಯಿಂದ ಅಮಾನತುಗೊಳಿಸಲಾಯಿತು. ಅಕ್ಟೋಬರ್ 5ರಂದು ಆಟಗಾರರ ಕರಾರುಗಳಿದ್ದ ಕಂಪನಿಯನ್ನು ಮುಚ್ಚುವಂತೆ ನ್ಯಾಯಾಲಯ ಆಜ್ಞಾಪಿಸಿತು. ಆಟಗಾರರೆಲ್ಲರೂ ಒಂದೇ ದಿನದಲ್ಲಿ ನಿರುದ್ಯೋಗಿಗಳಾದರು. ಮುಂದೆ ಅವರ ಪಂದ್ಯಗಳ ಫಲಿತಾಂಶಗಳನ್ನೂ ದಾಖಲೆಯಿಂದ ತೆಗೆದುಹಾಕಲಾಯಿತು. ಬೆವರು ಸುರಿಸಿ ಗಳಿಸಿದ ಆ ಗೆಲುವು ಪಟ್ಟಿಯ ಮಟ್ಟಿಗೆ ನಡೆಯದೇ ಇದ್ದಂತಾಯಿತು.

ಹನ್ನೆರಡು ದಿನಗಳು ಕಳೆಯುವಷ್ಟರಲ್ಲಿ ವಾಸ್ಪ್ಸ್ ಕ್ಲಬ್ಬಿನ ಸರದಿ ಬಂದಿತು. ಇದು 1867ರಲ್ಲಿ ಹುಟ್ಟಿದ ಹಿರಿಯ ಸಂಸ್ಥೆ. 1871ರಲ್ಲಿ 21 ಕ್ಲಬ್ಬುಗಳು ಲಂಡನ್ನಿನಲ್ಲಿ ಸೇರಿ ರಗ್ಬಿ ಒಕ್ಕೂಟವನ್ನು ಸ್ಥಾಪಿಸಿದಾಗ ಇದರ ಪ್ರತಿನಿಧಿ ದಾರಿ ತಪ್ಪಿ ಬೇರೆ ಕಡೆ ಹೋಗಿ ಕುಳಿತಿದ್ದನೆಂದು ಒಂದು ಕತೆಯಿದೆ. ನಿಜವೋ ವಿನೋದವೋ, ಅಂತೂ ಸ್ಥಾಪಕರ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಮುಂದೆ ಆರು ಬಾರಿ ಇಂಗ್ಲೆಂಡಿನ, ಎರಡು ಬಾರಿ ಯೂರೋಪಿನ ಪ್ರಶಸ್ತಿಯನ್ನು ಗೆದ್ದ ತಂಡವಿದು. 2014ರಲ್ಲಿ ಲಂಡನ್ ಪ್ರಾಂತವನ್ನು ಬಿಟ್ಟು ಕವೆಂಟ್ರಿಗೆ ಹೋಯಿತು. ಅಲ್ಲಿಯ ದೊಡ್ಡ ಕ್ರೀಡಾಂಗಣಕ್ಕಾಗಿ ಸಾಲಪತ್ರಗಳ ಮೂಲಕ ಸಾರ್ವಜನಿಕರಿಂದ 3.5 ಕೋಟಿ ಪೌಂಡು ಎತ್ತಿತು. 2022ರ ಮೇ ತಿಂಗಳಲ್ಲಿ ಅದನ್ನು ಮರಳಿಸಬೇಕಾಗಿದ್ದಿತು, ಮರಳಿಸಲಾಗಲಿಲ್ಲ. ಅಕ್ಟೋಬರ್ 17ರಂದು ಆಟಗಾರರೂ ಸಿಬ್ಬಂದಿಯೂ ಸೇರಿ 167 ಮಂದಿ ಕೆಲಸ ಕಳೆದುಕೊಂಡರು. ಅವರಲ್ಲೊಬ್ಬನಾದ ಜ್ಯಾಕ್ ವಿಲ್ಲಿಸ್ ಫ್ರಾನ್ಸಿನ ಟುಲೂಸ್ ತಂಡವನ್ನು ಸೇರಿ ಅದೇ ಋತುವಿನಲ್ಲಿ ಆ ದೇಶದ ಪ್ರಶಸ್ತಿಯನ್ನು ಗೆದ್ದನು. ಅಡುಗೆಮನೆಯಲ್ಲಿಯೂ ಟಿಕೆಟ್ ಕೊಠಡಿಯಲ್ಲಿಯೂ ದುಡಿಯುವವರಿಗೆ ಅಂತಹ ಕರೆ ಯಾರು ಕಳುಹಿಸುತ್ತಾರೆ?

ಇಷ್ಟು ಸಾಲ ಬೆಳೆದುದು ಹೇಗೆ? 1995ರವರೆಗೆ ಈ ಆಟವನ್ನು ಹಣಕ್ಕಾಗಿ ಆಡುವುದು ನಿಷಿದ್ಧವಾಗಿದ್ದಿತು. ಆಟಗಾರರು ಬೇರೆ ವೃತ್ತಿಯಿಂದ ಜೀವಿಸುತ್ತಿದ್ದರು. ಆ ವರ್ಷ ನಿಷೇಧ ತೆರವಾದ ಮೇಲೆ ಉತ್ತಮ ಆಟಗಾರರಿಗಾಗಿ ಪೈಪೋಟಿ ಹುಟ್ಟಿ ಸಂಬಳಗಳು ಏರಿದುವು. ಟಿಕೆಟ್ಟು ಮತ್ತು ದೂರದರ್ಶನ ಪ್ರಸಾರದ ಆದಾಯ ಅದಕ್ಕೆ ಸಾಲದೆ, ಕೊರತೆಯನ್ನು ಸಿರಿವಂತ ಒಡೆಯರು ತುಂಬಬೇಕಾಯಿತು. ಕೊರೋನಾ ಕಾಲದಲ್ಲಿ ಮೈದಾನಗಳು ಬರಿದಾದುವು. ಸರ್ಕಾರ ನೆರವು ನೀಡಿತಾದರೂ ಅದೂ ಸಾಲವಾಗಿಯೇ ಬಂದಿತು. ಹಾಸಿಗೆಗೆ ಮೀರಿ ಕಾಲು ಚಾಚಿದವರಿಗೆ ಚಳಿ ತಟ್ಟಿದುದು ಆಗ.

ಇಲ್ಲಿ ನಮ್ಮ ದೇಶದ ಪ್ರಸಂಗವೊಂದು ನೆನಪಾಗುತ್ತದೆ. 1873ರಲ್ಲಿ ಕಲ್ಕತ್ತೆಯಲ್ಲಿದ್ದ ಬ್ರಿಟಿಷರು ಒಂದು ರಗ್ಬಿ ಕ್ಲಬ್ಬನ್ನು ಕಟ್ಟಿದರು. ಬಂಗಾಳದ ಸೆಕೆ ಈ ಆಟಕ್ಕೆ ಒಗ್ಗಲಿಲ್ಲ. ಸದಸ್ಯರು ಪೋಲೋ, ಟೆನಿಸ್‌ಗಳತ್ತ ಸರಿದರು. 1878ರಲ್ಲಿ ಕ್ಲಬ್ಬನ್ನು ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ತೆಗೆದು ಕರಗಿಸಿ, ನಾಗರಹಾವಿನ ಮೂರು ಹಿಡಿಗಳೂ ಮುಚ್ಚಳದ ಮೇಲೊಂದು ಆನೆಯೂ ಇರುವ ಬಟ್ಟಲನ್ನು ಮಾಡಿಸಿ ಇಂಗ್ಲೆಂಡಿನ ಒಕ್ಕೂಟಕ್ಕೆ ಒಪ್ಪಿಸಿದರು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸೆಣಸುತ್ತ ಬಂದಿರುವುದು ಆ ‘ಕಲ್ಕತ್ತಾ ಕಪ್’ಗಾಗಿಯೇ. ಆ ಕ್ಲಬ್ಬಿನ ಬಾಗಿಲು ಮುಚ್ಚಿದಾಗ ಗಂಟಿನಲ್ಲಿ ಹಣ ಉಳಿದಿದ್ದಿತು.

ಇರಲಿ. 2023ರ ಮೇ 27ರಂದು ಟ್ವಿಕನ್‌ಹ್ಯಾಮಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಸಾರಸೆನ್ಸ್ ತಂಡವು ಸೇಲ್ ತಂಡವನ್ನು 35–25ರಿಂದ ಸೋಲಿಸಿತು. ಐದನೆಯ ಸ್ಥಾನ ಪಡೆದು ತನ್ನವರನ್ನು ಹಿಗ್ಗಿಸಿದ್ದ ಲಂಡನ್ ಐರಿಷ್ ತಂಡ, ಹತ್ತೇ ದಿನಗಳಲ್ಲಿ, ಜೂನ್ 6ರಂದು ಹಣವಿಲ್ಲದೆ ಅಮಾನತುಗೊಂಡಿತು. 1898ರಲ್ಲಿ ಹುಟ್ಟಿದ ಕ್ಲಬ್ಬು ಅದು. ಎರಡನೆಯ ಶ್ರೇಣಿಯಲ್ಲಿ ಆ ವರ್ಷ ಗೆದ್ದ ಜೆರ್ಸಿ ದ್ವೀಪದ ತಂಡವೂ ಸೆಪ್ಟೆಂಬರಿನಲ್ಲಿ ಕೈಚೆಲ್ಲಿತು.

ಸಿಕ್ಸ್‌ವೇಸ್ ಮೈದಾನ ಮೂರು ವರ್ಷ ತನ್ನ ತಂಡವಿಲ್ಲದೆ ನಿಂತಿದ್ದಿತು. 2025ರ ಶರತ್ಕಾಲದಲ್ಲಿ ವೂಸ್ಟರ್ ತಂಡ ಹೊಸ ಆಟಗಾರರೊಡನೆ, ಅಗ್ರಶ್ರೇಣಿಗೆ ಒಂದು ಮೆಟ್ಟಿಲು ಕೆಳಗೆ, ಮತ್ತೆ ಆ ಹುಲ್ಲಿನ ಮೇಲೆ ಕಾಲಿಟ್ಟಿತು.