ಕಾಡುಹಂದಿ ಹಾವಳಿ: ಸರ್ಕಾರದ ನೆರವು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಸದಸ್ಯರ ಅಧ್ಯಯನ ಪಾಠ)

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಬೆಟ್ಟ, ನೀಲಗಿರಿ ತೋಪು ಹಾಗೂ ಜಾಲಿ ಬೆಳೆದ ಕೆರೆಯಂಗಳಗಳ ಅಂಚಿನ ಹೊಲಗಳಿಗೆ ಕಾಡುಹಂದಿಗಳು ರಾತ್ರಿ ವೇಳೆ ಹಿಂಡಾಗಿ ನುಗ್ಗುತ್ತವೆ. ಅವು ತಿಂದದ್ದಕ್ಕಿಂತ ಅಗೆದು, ತುಳಿದು ಹಾಳುಮಾಡುವುದೇ ಅಧಿಕ. ಸಾಲ ಮಾಡಿ ರಾಗಿ, ಕಡಲೆಕಾಯಿ ಬಿತ್ತಿದ ಸಣ್ಣ ಹಿಡುವಳಿದಾರನಿಗೆ ಒಂದು ರಾತ್ರಿಯ ಹಾನಿಯೇ ಇಡೀ ವರ್ಷದ ನಷ್ಟವಾಗಬಲ್ಲದು.

1. ಕಾನೂನಿನ ಮಿತಿ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ 2022ರ ತಿದ್ದುಪಡಿಯ ನಂತರ ಕಾಡುಹಂದಿಯು ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯಕಾರಿಯಾದಾಗ ಕೊಲ್ಲಲು ಕಲಂ 11ರಂತೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಅವಶ್ಯ. ಕೇರಳದಲ್ಲಿ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಈ ಅಧಿಕಾರ ನೀಡಲಾಯಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಿಗೆ ಅದಿಲ್ಲ. ಆದುದರಿಂದ ಸದಸ್ಯರು ಬಾಯಿಮಾತಿನ ಅನುಮತಿಯನ್ನೂ ನೀಡಬಾರದು.

2. ದಯಾತ್ಮಕ ಧನ

ವನ್ಯಪ್ರಾಣಿಗಳಿಂದಾದ ಬೆಳೆಹಾನಿಗೆ ಅರಣ್ಯ ಇಲಾಖೆಯು ದಯಾತ್ಮಕ ಧನ ಪಾವತಿಸುತ್ತದೆ. ಅರ್ಜಿಗಳನ್ನು ಇ-ಪರಿಹಾರ ತಂತ್ರಾಂಶದಲ್ಲಿ ದಾಖಲಿಸಲಾಗುತ್ತದೆ. ರೈತರು ಹಾನಿಯನ್ನು ಕಂಡ ಕೂಡಲೇ ವಲಯ ಅರಣ್ಯ ಕಚೇರಿಗೆ ತಿಳಿಸಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಹಾಗೂ ಛಾಯಾಚಿತ್ರಗಳನ್ನು ಒದಗಿಸತಕ್ಕದ್ದು. ಸ್ಥಳ ಮಹಜರು ಆಗುವ ಮುನ್ನ ಹೊಲವನ್ನು ಉತ್ತರೆ ಹೆಜ್ಜೆಗುರುತು ಅಳಿಯುತ್ತದೆ, ಸಾಕ್ಷ್ಯವೂ ಅಳಿಯುತ್ತದೆ. ಪಹಣಿಯಲ್ಲಿ ಹೆಸರಿಲ್ಲದೆ ಗುತ್ತಿಗೆಗೆ ಬೆಳೆಯುವವರ ವಿಷಯವನ್ನು ಹಂಗಾಮಿನ ಆರಂಭದಲ್ಲೇ ವಲಯ ಅರಣ್ಯಾಧಿಕಾರಿಗಳೊಡನೆ ಚರ್ಚಿಸುವುದು ಸೂಕ್ತ.

3. ಬೆಳೆ ವಿಮೆ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವನ್ಯಪ್ರಾಣಿ ದಾಳಿಯನ್ನು 2026ರ ಮುಂಗಾರು ಹಂಗಾಮಿನಿಂದ ಸ್ಥಳೀಯ ಹಾನಿಯಾಗಿ ಪರಿಗಣಿಸಲು ಕೇಂದ್ರ ಸರ್ಕಾರವು 2025ರ ನವೆಂಬರ್‌ನಲ್ಲಿ ತೀರ್ಮಾನಿಸಿತು. ಹಾನಿಯಾದ 72 ಗಂಟೆಗಳೊಳಗೆ ಸ್ಥಳಸೂಚಕ ಛಾಯಾಚಿತ್ರದೊಡನೆ ಆ್ಯಪ್‌ನಲ್ಲಿ ದೂರು ದಾಖಲಿಸಬೇಕು. ರಾಜ್ಯ ಸರ್ಕಾರವು ಅಧಿಸೂಚಿಸುವ ಪ್ರಾಣಿ ಮತ್ತು ವಿಮಾ ಘಟಕಗಳಿಗೆ ಮಾತ್ರ ಇದು ಅನ್ವಯವಾಗುವುದರಿಂದ, ಕಂತು ಕಟ್ಟುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

4. ಸೌರ ಬೇಲಿ

ಅರಣ್ಯದಂಚಿನ ಜಮೀನುಗಳ ಸೌರ ಬೇಲಿಗೆ ಅನುದಾನದ ಲಭ್ಯತೆಯಂತೆ ಸಹಾಯಧನ ದೊರೆಯುತ್ತದೆ. ಒಬ್ಬರ ಹೊಲಕ್ಕೆ ಮಾತ್ರ ಬೇಲಿ ಹಾಕಿದರೆ ಹಿಂಡು ಪಕ್ಕದ ಹೊಲಕ್ಕೆ ತಿರುಗುತ್ತದೆ. ಒಂದೇ ಬಯಲಿನ ರೈತರು ಕೂಡಿ ಅರ್ಜಿ ಸಲ್ಲಿಸುವುದು ಮೇಲು. ಕೆಳತಂತಿ ನೆಲಕ್ಕೆ ಸಮೀಪವಿರಬೇಕು. ಕಳೆ ತಾಗಿದರೆ ವಿದ್ಯುತ್ ಸೋರಿ ಬೇಲಿ ನಿರರ್ಥಕವಾಗುವುದರಿಂದ, ಅದನ್ನು ಆಗಾಗ್ಗೆ ಸವರುತ್ತಿರಬೇಕು.

ಸೌರ ಬೇಲಿಯ ಉಪಕರಣವು ಕ್ಷಣಮಾತ್ರದ ಮಿಡಿತಗಳನ್ನಷ್ಟೇ ಹರಿಸುತ್ತದೆ. ಅದು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಕಂಬದಿಂದ ನೇರವಾಗಿ ತಂತಿಗೆ ಹರಿಸಿದ ವಿದ್ಯುತ್ ಹಂದಿ ಯಾವುದು, ನೀರು ಕಟ್ಟಲು ಬಂದ ನೆರೆಯವನಾರು ಎಂಬ ಭೇದವೆಣಿಸದು. ಸಾವು ಸಂಭವಿಸಿದರೆ ಹೊಲದ ಒಡೆಯನು ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಗುತ್ತದೆ. ಸಿಡಿಮದ್ದು, ಉರುಳುಗಳೂ ನಿಷಿದ್ಧ.

5. ಸಭೆಯಲ್ಲಿ ಕೈಗೊಳ್ಳಬೇಕಾದ ಕ್ರಮ

ಮುಂದಿನ ಗ್ರಾಮ ಸಭೆಗೆ ವಲಯ ಅರಣ್ಯಾಧಿಕಾರಿ, ಕೃಷಿ ಅಧಿಕಾರಿ ಮತ್ತು ಬೆಸ್ಕಾಂ ಪ್ರತಿನಿಧಿಯನ್ನು ಆಹ್ವಾನಿಸುವುದು. ವಾರ್ಡುವಾರು ಹಾನಿಯ ವಹಿ ಇಡುವುದು. ಬಾಕಿ ಅರ್ಜಿಗಳ ಸ್ಥಿತಿಯನ್ನು ಪ್ರತಿ ಸಾಮಾನ್ಯ ಸಭೆಯಲ್ಲಿ ಪರಿಶೀಲಿಸುವುದು. ಪರಿಹಾರ ಸಕಾಲದಲ್ಲಿ ಕೈಸೇರುವ ಊರಿನಲ್ಲಿ ರೈತನು ಅಪಾಯಕಾರಿ ತಂತಿಯ ಮೊರೆಹೋಗುವ ಸಂದರ್ಭ ವಿರಳವಾಗುತ್ತದೆ.